ಆಯುಧಪೂಜೆಯ ದಿನ ಆನೇಕಲ್ ಗದ್ದುಗೆ ಏರಿದ್ದು

ಕೆಟ್ಟ ಸುದ್ದಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ‘ಎಲ್ಲ ಸರಿಯಾಗಿದೆ’ ಎಂಬ ಮಾತು. ಕೆಟ್ಟಿದ್ದರೆ ಎಲ್ಲಿ ಕೆಟ್ಟಿದೆ ಎಂದು ಹುಡುಕಬಹುದು. ಎಲ್ಲ ಸರಿಯಾಗಿರುವಾಗ ಹುಡುಕುವುದೆಲ್ಲಿ? ಈ ಭಯ ಹುಟ್ಟಿನಿಂದ ಬಂದದ್ದಲ್ಲ, ಕಳೆದ ಆಯುಧಪೂಜೆಯಿಂದ ಬಂದದ್ದು. ಅದಕ್ಕೆ ಮೊದಲು ನಾನೂ ನಿಮ್ಮ ಹಾಗೇ ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದ ಮನುಷ್ಯ.

ಪಂಪ್‌ಸೆಟ್ ತಯಾರಿಸುವ ಕಂಪನಿಯೊಂದರಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಮುಖ್ಯ ಕಚೇರಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಕಾರ್ಖಾನೆ ಪೀಣ್ಯದಲ್ಲಿ, ಗೋದಾಮು ಆನೇಕಲ್ಲಿನಲ್ಲಿ. ಪೀಣ್ಯದವರು ಆನೇಕಲ್ಲಿಗೆ ಒಂದು ಮಾತು ಕಳಿಸಬೇಕಾದರೂ ಅದು ನಮ್ಮ ಮೂಲಕವೇ ಹೋಗಬೇಕು. ಸೈಕಲ್ ಚಕ್ರವಿದ್ದ ಹಾಗೆ. ನಡುವೆ ನಾವು, ಸುತ್ತ ಕಡ್ಡಿಗಳು. ಪ್ರತಿ ಜಾಗದಲ್ಲೂ ರೂಟರ್ ಎಂಬ ಒಂದೊಂದು ಪೆಟ್ಟಿಗೆ. ಯಾವ ಮಾತು ಯಾವ ದಾರಿಯಲ್ಲಿ ಹೋಗಬೇಕೆಂದು ಈ ಪೆಟ್ಟಿಗೆಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ತೀರ್ಮಾನಿಸುವ ಕ್ರಮಕ್ಕೆ ರೂಟಿಂಗ್ ಪ್ರೊಟೊಕಾಲ್ ಎನ್ನುತ್ತಾರೆ. ನಾನು ಅಳವಡಿಸಿದ ಪ್ರೊಟೊಕಾಲಿನ ವಿಶೇಷವೇನೆಂದರೆ, ಪೆಟ್ಟಿಗೆಗಳು ಚುನಾವಣೆ ನಡೆಸಿ ತಮ್ಮಲ್ಲೊಬ್ಬನನ್ನು ಯಜಮಾನನನ್ನಾಗಿ ಆರಿಸಿಕೊಳ್ಳುತ್ತವೆ. ನಮ್ಮಂಥ ಚಕ್ರದಲ್ಲಿ ಯಜಮಾನಿಕೆ ನಡುವಿನವನಿಗೇ ಸಿಗಬೇಕು, ಏಕೆಂದರೆ ಎಲ್ಲರೂ ಕಣ್ಣಿಗೆ ಬೀಳುವುದು ಅವನೊಬ್ಬನಿಗೇ. ಅದಕ್ಕಾಗಿ ಕಡ್ಡಿಗಳ ತುದಿಯ ಪೆಟ್ಟಿಗೆಗಳಲ್ಲಿ ‘ನೀನು ಚುನಾವಣೆಗೆ ನಿಲ್ಲತಕ್ಕದ್ದಲ್ಲ’ ಎಂಬರ್ಥದ ಒಂದು ಸೊನ್ನೆ ಬರೆದಿಡುವುದು ಪದ್ಧತಿ. ನಾನು ಬರೆಯಲಿಲ್ಲ. ಬರೆಯದೆಯೂ ನಡೆಯಿತು ನೋಡಿ! ನಮ್ಮ ಪೆಟ್ಟಿಗೆಯನ್ನೇ ಮೊದಲು ಆನ್ ಮಾಡಿದ್ದರಿಂದ ಅದೇ ಯಜಮಾನನಾಗಿ ಕೂತಿತು. ಮ್ಯಾನೇಜರ್ ಕೇಳಿದಾಗ “ಎಲ್ಲ ಸರಿಯಾಗಿದೆ ಸಾರ್” ಎಂದುಬಿಟ್ಟೆ.

ಆಯುಧಪೂಜೆಯ ಬೆಳಗ್ಗೆ ಸಿಂಗಸಂದ್ರದ ಮನೆಯಿಂದ ಹೊರಡುವಾಗ ನನ್ನ ಹೆಂಡತಿ ವನಜಾಳಿಗೆ ಖಡಾಖಂಡಿತವಾಗಿ ಹೇಳಿದ್ದೆ: “ಸ್ಕೂಟರ್ ಪೂಜೆ ಮಧ್ಯಾಹ್ನ ಬಂದು ನಾನೇ ಮಾಡ್ತೀನಿ. ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸೋದು ಮನೆ ಯಜಮಾನನ ಕೆಲ್ಸ. ಅಲ್ಲೀವರೆಗೂ ಯಾರೂ ಮುಟ್ಬೇಡಿ.” ಅವಳು “ಹೂಂ, ಬೇಗ ಬನ್ನಿ” ಎಂದಷ್ಟೇ ಹೇಳಿದಳು. ಆ ಹೂಂ ಎಂಬುದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಕಚೇರಿಯಲ್ಲಿ ಪ್ರಿಂಟರಿನಿಂದ ಹಿಡಿದು ಕಾಫಿ ಯಂತ್ರದವರೆಗೆ ಎಲ್ಲಕ್ಕೂ ಸೇವಂತಿಗೆ ಮುಡಿಸಿದ್ದರು. ಮ್ಯಾನೇಜರ್ ರೂಟರ್ ಕಡೆ ಕೈ ತೋರಿಸಿ, “ಅದಕ್ಕೂ ಒಂದ್ ಗಳಿಗೆ ವಿಶ್ರಾಂತಿ ಬೇಡ್ವೇನ್ರೀ? ಆಫ್ ಮಾಡಿ ಪೂಜೆ ಮಾಡಿ” ಎಂದರು. ನನ್ನ ಕೈಯಾರೆ ಆಫ್ ಮಾಡಿದೆ. ಅರಿಸಿನ ಕುಂಕುಮ ಇಟ್ಟು, ಹಾರ ಹಾಕಿ, ಮಂಗಳಾರತಿ ಎತ್ತಿ, ಮತ್ತೆ ಆನ್ ಮಾಡಿದೆ. ಹಸಿರು ದೀಪಗಳು ಮಿನುಗಿದವು. ಪುರಿ ಕಡಲೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಪೀಣ್ಯದಿಂದ ಫೋನು.

ಅಲ್ಲಿ ಸರಕು ಕಳಿಸುವ ವಿಭಾಗದ ಸುಜಾತಾ. “ಸಾರ್, ನಿಮ್ಮ ಕಡೆಯಿಂದ ಬಿಲ್ ಬರ್ತಾನೇ ಇಲ್ಲ. ರೂಟರ್ ಆಫ್ ಮಾಡಿ ಆನ್ ಮಾಡೂ ನೋಡ್ದೆ. ಬಿಲ್ ಇಲ್ದೆ ಲಾರಿ ಗೇಟ್ ದಾಟಲ್ಲ. ತಗೊಳ್ಳಿ, ಡ್ರೈವರ್ ಬಸಪ್ಪನ ಹತ್ರಾನೇ ಮಾತಾಡಿ.”

“ಸರ, ಲೋಡು ಹಾವೇರಿಗೇ ಐತ್ರಿ, ನಮ್ಮೂರು ಅಲ್ಲೇ ಬಾಜೂಕ” ಎಂದ ಬಸಪ್ಪ. “ನಾಳೆ ಬನ್ನಿ ಎಲಿ ಕೊಡೂದ್ರಾಗ ಮನಿ ಮುಟ್ಟಬೇಕ್ರಿ. ಹ್ವಾದ ವರ್ಷದ ಹಬ್ಬಾನೂ ರಸ್ತೆದಾಗ ಆತು. ಮಗಳು ಮಾತು ಬಿಟ್ಟಿದ್ಲು ನೋಡ್ರಿ.”

ಸ್ಕ್ರೀನ್ ನೋಡಿದೆ. ಯಜಮಾನ: ಆನೇಕಲ್! ಬಾಡಿಗೆ ಗೋದಾಮಿನ ಮೂಲೆಯಲ್ಲಿ ಗೋಣಿಚೀಲದ ಪಕ್ಕ ಕೂತ ಪೆಟ್ಟಿಗೆ ಇಡೀ ಕಂಪನಿಯ ಯಜಮಾನ! ನಡೆದದ್ದಿಷ್ಟು. ನಮ್ಮ ಪೆಟ್ಟಿಗೆ ಕಣ್ಣು ಮುಚ್ಚಿದ ಕೂಡಲೇ ಪೀಣ್ಯ, ಆನೇಕಲ್ ಎರಡೂ ‘ಇನ್ನು ನಾನೇ ಯಜಮಾನ’ ಎಂದು ಘೋಷಿಸಿಕೊಂಡಿವೆ. ಮಂಗಳಾರತಿ ಮುಗಿಸಿ ಎದ್ದ ನಮ್ಮ ಪೆಟ್ಟಿಗೆ, ಇಬ್ಬರಲ್ಲಿ ಯಾರ ಗುರುತಿನ ನಂಬರು ದೊಡ್ಡದೆಂದು ನೋಡಿ, ವಿನಯದಿಂದ ಆನೇಕಲ್ಲಿಗೆ ತಲೆಬಾಗಿದೆ. ಪೀಣ್ಯಕ್ಕೋ ಆನೇಕಲ್ ಕಣ್ಣಿಗೇ ಕಾಣದು. ಕಾಣದ ಯಜಮಾನನಿಂದ ದಾರಿ ಕೇಳುವುದು ಹೇಗೆ? ನಾನು ನಮ್ಮ ಪೆಟ್ಟಿಗೆಗೆ ಇರುವುದರಲ್ಲೇ ಅತಿ ದೊಡ್ಡ ಅರ್ಹತೆಯ ಅಂಕ ಕೊಟ್ಟೆ. ಸ್ಕ್ರೀನು ಮಿಸುಕಲಿಲ್ಲ. ಈ ಪ್ರೊಟೊಕಾಲಿನಲ್ಲಿ ಒಮ್ಮೆ ಕೂತವನು, ತನಗಿಂತ ಯೋಗ್ಯನೊಬ್ಬ ಬಂದನೆಂದು ಏಳುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಅಧ್ಯಕ್ಷರು ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿ ಬರುವಷ್ಟರಲ್ಲಿ ಎರಡನೇ ಮಹಡಿಯವರು ಅಧ್ಯಕ್ಷರಾಗಿದ್ದರು; ಹಳಬರು ಈಗಲೂ ನೀರಿನ ಟ್ಯಾಂಕಿನ ಹತ್ತಿರ ನಿಂತು ನ್ಯಾಯ ಕೇಳುತ್ತಿರುತ್ತಾರೆ. ಉಳಿದದ್ದು ಒಂದೇ ದಾರಿ, ಆನೇಕಲ್ ಪೆಟ್ಟಿಗೆಯನ್ನು ಒಂದು ಗಳಿಗೆ ಆಫ್ ಮಾಡುವುದು. ಇಲ್ಲಿಂದಲೇ ಮಾಡೋಣವೆಂದರೆ, ರಜೆಯಲ್ಲಿ ಯಾರೂ ನುಗ್ಗಬಾರದೆಂದು, ದೂರದಿಂದ ಪೆಟ್ಟಿಗೆಯೊಳಕ್ಕೆ ಹೋಗುವ ಬಾಗಿಲನ್ನು ಹಿಂದಿನ ದಿನ ಮುಚ್ಚಿದ್ದ ಬುದ್ಧಿವಂತ ನಾನೇ.

ಗೋದಾಮಿನ ಮಾಲೀಕ ಪಿಳ್ಳಪ್ಪನವರಿಗೆ ಫೋನು ಮಾಡಿದೆ. ಬೀಗದ ಕೈ ಇರುವುದು ಅವರಲ್ಲೇ.

“ಅಣ್ಣ, ಇಲ್ಲಿ ರೂಟರ್ ಪೂಜೆ ಮಾಡೋಕೆ ಹೋಗಿ ಎಡವಟ್ಟಾಗಿದೆ. ಅಲ್ಲಿರೋ ರೂಟರ್ ಸ್ವಿಚ್ ಒಂದ್ ನಿಮಿಷ ಆಫ್ ಮಾಡ್ತೀರಾ?”

“ಪೂಜೆ ಆಗೋಯ್ತಲ್ಲ ಸಾಮಿ! ಆರ ಆಕಿವ್ನಿ, ಕುಂಬ್ಳಕಾಯಿ ಒಡ್ದಿವ್ನಿ. ನಾಳೆಗಂಟ ಆಯುಧ ಮುಟ್ಟಂಗಿಲ್ಲ.”

“ಅಣ್ಣ, ಅದು ಆಯುಧ ಅಲ್ಲ.”

“ಆಯುಧ ಅಲ್ದಿದ್ರೆ ನೀವ್ ಮಾತ್ರ ಯಾಕ್ ಪೂಜೆ ಮಾಡುದ್ರಿ?”

“ಅದು ಯಜಮಾನ ಆಗ್ಬಿಟ್ಟಿದೆ ಅಣ್ಣ” ಎಂದು ಗೋಳಾಡಿದೆ.

“ಆಗ್ಲಿ ಬುಡಿ. ಒಂದಿನ ನಮ್ ಆನೇಕಲ್ಲೂ ಯಜಮಾನಿಕೆ ಮಾಡ್ಲಿ.”

ಕೊನೆಗೆ ಪ್ರೊಟೊಕಾಲ್ ಬಿಟ್ಟು ಬಸಪ್ಪನ ಕಥೆ ಹೇಳಿದೆ. ಆ ಕಡೆ ಬೀಗ ತೆಗೆಯುವ ಸದ್ದು ಕೇಳಿಸಿತು. “ಅದನ್ನ ಮೊದ್ಲೇ ಯೋಳ್ಬಾರ್ದಾ? ಅಬ್ಬದ್ ದಿನ ಮನೆಗೋಗೋನ್ ದಾರಿ ತಡುದ್ರೆ ಆ ತಾಯಿ ಒಪ್ತಾಳಾ? ತಗಳಿ, ಕಿತ್ತೆ! ಆದ್ರೆ ಮುಟ್ಟಿದ್ ತಪ್ಪಿಗೆ ಇನ್ನೊಂದ್ ಕುಂಬ್ಳಕಾಯಿ ಆಗ್ಬೇಕು. ನೀವೇ ತಂದು ನೀವೇ ಒಡೀರಿ.”

ಆನೇಕಲ್ ಕಣ್ಣು ಮುಚ್ಚಿತು, ದೊಡ್ಡ ಅಂಕದ ಬಲದಿಂದ ನಮ್ಮ ಪೆಟ್ಟಿಗೆ ಗದ್ದುಗೆ ಏರಿತು. “ಬಂತು ಸಾರ್ ಬಿಲ್ಲು!” ಎಂದು ಸುಜಾತಾ ಕೂಗಿದಳು. ಅವಳ ಫೋನಿನೊಳಗಿಂದಲೇ ಬಸಪ್ಪನ ಲಾರಿಯ ಹಾರನ್ ಕೇಳಿಸಿತು. ಪಂಪ್‌ಸೆಟ್ ಲಾರಿಯ ಹಾರನ್ ಕೇಳಿ ಕಣ್ಣು ಒದ್ದೆಯಾದದ್ದು ನನಗೆ ಅದೇ ಮೊದಲು. ಕುಂಬಳಕಾಯಿ ಕೊಂಡು ಆನೇಕಲ್ಲಿಗೆ ಹೋದೆ. ಒಡೆದೆ. ಪಿಳ್ಳಪ್ಪನವರು ಬಲವಂತ ಮಾಡಿದ ಹೋಳಿಗೆ ತಿಂದೆ, ಮರೆಯದೆ ಪೆಟ್ಟಿಗೆಯಲ್ಲಿ ಆ ಸೊನ್ನೆಯನ್ನೂ ಬರೆದೆ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಗೇಟಿನ ಬಳಿ ಸ್ಕೂಟರು ಹಾರ ಹಾಕಿಕೊಂಡು ನಿಂತಿತ್ತು. ಚಕ್ರದ ಹಿಂದೆ ನಿಂಬೆಹಣ್ಣು ಅಪ್ಪಚ್ಚಿಯಾಗಿ ಬಿದ್ದಿತ್ತು. ಬೆಳಗಿನಿಂದ ತಿಂದ ಆಘಾತಗಳೆಲ್ಲ ಸೇರಿ ಒಂದು ತೂಕ, ಇದೊಂದೇ ಒಂದು ತೂಕ.

“ಏನೇ ಇದು? ಯಾರು ಹತ್ತಿಸಿದ್ದು?”

“ನಾನೇ. ನೀವು ಬರ್ಲಿಲ್ಲ, ರಾಹುಕಾಲ ಬರ್ತಿತ್ತು. ಯಜಮಾನ್ರು ಇಲ್ದಿದ್ರೆ ಇರೋರೇ ಯಜಮಾನ್ರು.”

“ಈಗ ಬಂದ್ನಲ್ಲ!”

“ಈಗ ಮುಗೀತಲ್ಲ. ಕೈಕಾಲು ತೊಳ್ಕೊಂಡ್ ಬನ್ನಿ, ಕಾಫಿ ಕೊಡ್ತೀನಿ.”

ಇದಕ್ಕೆ ಪರಿಹಾರ ನನಗೆ ಚೆನ್ನಾಗಿ ಗೊತ್ತಿತ್ತು: ಗದ್ದುಗೆಯಲ್ಲಿ ಕೂತವರನ್ನು ಒಂದು ಗಳಿಗೆ ಆಫ್ ಮಾಡಬೇಕು. ತಲೆಯೆತ್ತಿ ವನಜಾಳ ಮುಖ ನೋಡಿದೆ. ಆಮೇಲೆ ನನ್ನ ಹೆಸರಿನ ಮುಂದೆ ನಾನೇ ಒಂದು ಸೊನ್ನೆ ಬರೆದುಕೊಂಡು, ಕೈಕಾಲು ತೊಳೆಯಲು ಹೋದೆ.