ಹೊಳೆಗಿಂತ ಮೊದಲು ತುಂಬಿದ ಟ್ರಂಕು

ಮೊದಲು ಒಂದು ಒಗಟು. ಮೂರು ದಿನಕ್ಕೆಂದು ತುಂಬಿಸುತ್ತಾರೆ, ಮೂರನೇ ದಿನಕ್ಕೆ ಬರಿದಾಗಿರುತ್ತದೆ. ಕಾಯುವವರು ಮನೆ ತುಂಬ ಇದ್ದಾರೆ, ತಿಂದವರು ಯಾರೂ ಇಲ್ಲ. ಏನು ಹೇಳಿ?

ತಲೆ ಕೆರೆದುಕೊಳ್ಳಬೇಡಿ, ನಿಮಗೆ ಬರೋದಿಲ್ಲ. ಬಂತು ಅಂದರೆ ನೀವು ನಮ್ಮ ಮನೆಯವರೇ ಆಗಿರಬೇಕು, ತಿಂದವರಲ್ಲಿ ನೀವೂ ಒಬ್ಬರಾಗಿರಬೇಕು. ಅದು ನಮ್ಮ ಮನೆಯ ತಗಡಿನ ಟ್ರಂಕು.

ನಮ್ಮ ಓಣಿಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಾನೇನೂ ಹುಡುಕಿಕೊಂಡು ಹೋಗೋದಿಲ್ಲ, ಅವೇ ನನ್ನನ್ನು ಹುಡುಕಿಕೊಂಡು ಬರುತ್ತವೆ. ಅಪ್ಪ ಮಾತ್ರ ಇದನ್ನು ಒಪ್ಪೋದಿಲ್ಲ. "ಎಲ್ಲಿ ಗದ್ದಲ ಐತೋ ಅಲ್ಲಿ ಇವನ ಚಪ್ಪಲಿ ಇರತಾವ" ಅಂತಾನೆ.

ಸಿರುಗುಪ್ಪದಲ್ಲಿ ಹೊಳೆಗೆ ಎಲ್ಲಕ್ಕಿಂತ ಹತ್ತಿರದ ಓಣಿ ನಮ್ಮದು. ಮೇಲೆ ಮಳೆ ಜೋರಾಗಿ ಡ್ಯಾಮಿನಿಂದ ನೀರು ಬಿಟ್ಟರೆ ಮೊದಲು ಡಂಗುರದವನು ಬರುತ್ತಾನೆ, ಅವನ ಹಿಂದೆಯೇ ತುಂಗಭದ್ರೆ ಬರುತ್ತಾಳೆ. ಹೋದ ಮಳೆಗಾಲದಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳಿಗೆ ದಿನ ತುಂಬುವುದೂ ಹೊಳೆ ತುಂಬುವುದೂ ಒಂದೇ ತಿಂಗಳಿಗೆ ಬಿದ್ದಿತ್ತು. ಎರಡೂ ಒಂದೇ ದಿನ ಬಂದರೆ ಏನು ಗತಿ? ಅಪ್ಪನಿಗೆ ಅದೇ ಚಿಂತೆ. ತಾಟಿನ ಮುಂದೆ ಕೂತರೂ ಅವನ ಕಿವಿ ಡಂಗುರದ ಕಡೆಗೇ.

ಅಷ್ಟರಲ್ಲಿ ಬಳ್ಳಾರಿಯ ಪಾರ್ವತಿನಗರದಿಂದ ಸೋದರಮಾವ ಬಂದ. ಅವನು ಪೇಪರು ಓದುವ ಮನುಷ್ಯ, ಎಲ್ಲದಕ್ಕೂ ಅವನ ಹತ್ತಿರ ಒಂದು ಉಪಾಯ ಇರುತ್ತದೆ.

"ಭಾವ, ಚಿಂತಿ ಬ್ಯಾಡ್ರಿ. ಒಂದು ಟ್ರಂಕಿನಾಗ ಮೂರು ದಿನಕ್ಕ ಬೇಕಾದ್ದು ತುಂಬಿಡ್ರಿ. ಊಟ, ನೀರು, ಬೆಳಕು, ಔಷಧಿ, ಅರಿವಿ. ಡಂಗುರ ಕೇಳಿದ ಕೂಡ್ಲೆ ಅದನ್ನ ಎತಿಗೊಂಡು ದಿನ್ನಿ ಮ್ಯಾಲಿನ ಸಾಲಿಗೆ ಹೋಗೂದು. ಆಮ್ಯಾಲ ಯಾವ ಹೊಳಿ ಏನು ಮಾಡತೈತಿ?"

ಅಪ್ಪನ ಮುಖ ಅರಳಿತು. ನಮ್ಮ ಕಷ್ಟ ಅಲ್ಲಿಂದ ಶುರುವಾಯಿತು.

ನೀರು

"ನೀರಾ?" ಅಂದಳು ಅಜ್ಜಿ. "ನೀರು ಬಂತು ಅಂತ ಓಡೋರು ನೀರು ಹೊತಿಗೊಂಡು ಓಡಬೇಕಾ? ಬಳ್ಳಾರ್ಯಾಗ ಹಿಂಗ ಓಡತಾರೇನು?"

"ಹೊಳಿ ನೀರು ರಾಡಿ ಇರತೈತಿ ಅತ್ತಿ, ಕುಡ್ಯಾಕ ಬರೂದಿಲ್ಲ. ಕಾಸಿ ಆರಿಸಿ ಮುಚ್ಚಳ ಇರೋ ಡಬ್ಯಾಗ ತುಂಬಬೇಕು."

ನಮ್ಮ ಮನೆಯಲ್ಲಿ ಗಟ್ಟಿ ಮುಚ್ಚಳ ಇದ್ದದ್ದು ಒಂದೇ ಡಬ್ಬಿಗೆ. ಅದರಲ್ಲಿ ಅಷ್ಟು ದಿನ ಸೀಮೆಎಣ್ಣೆ ಇತ್ತು. ನಾನು ಬೂದಿ ಹಾಕಿ ತಿಕ್ಕಿದೆ, ಹುಣಸೆಹಣ್ಣು ಹಾಕಿ ತಿಕ್ಕಿದೆ, ಬಿಸಿಲಿಗೆ ಬೋರಲು ಹಾಕಿದೆ. ಮರುದಿನ ಕಾಸಿದ ನೀರು ತುಂಬಿಸಿ, "ಮಾವ, ನೀವೇ ಹೇಳಿದ್ದು, ನೀವೇ ಮೊದಲು ಕುಡೀರಿ" ಅಂತ ಲೋಟ ಕೊಟ್ಟೆ.

ಮಾವ ಒಂದು ಗುಟುಕು ಕುಡಿದ. ಕಣ್ಣು ಮೇಲಕ್ಕೆ ಹೋದವು, ಮೀಸೆ ಎರಡು ಕಡೆಗೂ ತಿರುಗಿತು.

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಅಂದಳು, "ಭಾಳ ಚಲೋ ಆತು ಬಿಡಪಾ. ಬಾಯಾಗ ಒಂದು ಬತ್ತಿ ಇಟಗೊಂಡ್ರ ಬೆಳಕಿನ ಕೆಲಸಾನೂ ಮುಗೀತು."

ಊಟ

ಕೆಡದ ಊಟ ಅಂದರೆ ಕಟಕ್ ರೊಟ್ಟಿ. ಅವ್ವ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿದಳು, ಒಣಗಿಸಿದಳು, ಬಿಳಿ ಬಟ್ಟೆಯಲ್ಲಿ ಸುತ್ತಿದಳು. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಬೆಲ್ಲ. ಟ್ರಂಕಿಗೆ ಬೀಗ ಜಡಿದು ಕೀಲಿಯನ್ನು ತಾಳಿಗೆ ಕಟ್ಟಿಕೊಂಡಳು. ಅದನ್ನು ಕದಿಯಬೇಕು ಅಂದರೆ ಅವ್ವನನ್ನೇ ಕದಿಯಬೇಕು. ನಾನು ಆಸೆ ಬಿಟ್ಟೆ.

ಆದರೆ ಬಾದನಹಟ್ಟಿಯಿಂದ ಅಕ್ಕನ ಅತ್ತೆ, ಮಾವ, ಇಬ್ಬರು ನಾದಿನಿಯರು, ಗಾಡಿ ಹೊಡೆಯುವವನು, ಎಲ್ಲರೂ ಸೊಸೆಯನ್ನು ನೋಡಲು ಬಂದರು. ಅವತ್ತು ಮನೆಯ ರೊಟ್ಟಿಬುಟ್ಟಿ ಖಾಲಿ. ಬೀಗರನ್ನು ಹಸಿವಿನಲ್ಲಿ ಕೂಡಿಸುವುದುಂಟೇ? ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಟ್ರಂಕು ನೋಡಿದ. ಟ್ರಂಕು ತೆರೆಯಿತು.

ಬೀಗತಿ ಕೊನೆಯ ರೊಟ್ಟಿಯನ್ನು ಕಟಕ್ ಅಂತ ಮುರಿಯುತ್ತ, "ಎಷ್ಟು ಗರಿಗರಿ ಆಗ್ಯಾವ ರೊಟ್ಟಿ! ದಾರ್ಯಾಗ ತಿನ್ನಾಕ ನಾಕು ಕಟ್ಟರಿ" ಅಂದಳು.

ಅವರ ಗಾಡಿ ತಿರುವು ದಾಟುವವರೆಗೆ ಅಪ್ಪ ನಗುನಗುತ್ತ ಕೈ ಎತ್ತಿಕೊಂಡೇ ನಿಂತಿದ್ದ. ಆಮೇಲೆ ಕೈ ಇಳಿಸಿ ಅಂದ, "ಹೊಳಿ ಬರೂ ಮುಂದ ಡಂಗುರನಾದ್ರೂ ಹೊಡೀತಾರ. ಬೀಗರು ಬರೂ ಮುಂದ ಅದೂ ಇಲ್ಲ."

ಅವ್ವ ಮರುದಿನ ಮತ್ತೆ ಹಿಟ್ಟು ನಾದಿದಳು.

ಬೆಳಕು

ಅಪ್ಪ ಹೊಸ ಶೆಲ್ಲು ಹಾಕಿದ ಟಾರ್ಚು ತಂದ. ಯಾರೂ ಮುಟ್ಟಕೂಡದು ಅಂದ. ಯಾರೂ ಮುಟ್ಟಲಿಲ್ಲ, ಪರೀಕ್ಷೆ ಮಾಡಿದರು ಅಷ್ಟೆ. ಅಜ್ಜಿ ದೇವರಿಗೆ ದೀಪ ಹಚ್ಚಿದ ಮೇಲೆ ದಿನಾ ಒಂದು ಸಲ ಗುಂಡಿ ಒತ್ತಿ ನೋಡುತ್ತಿದ್ದಳು. ಅವ್ವ ಹಿತ್ತಲಲ್ಲಿ ಕೋಳಿ ಎಣಿಸುವಾಗ ನೋಡುತ್ತಿದ್ದಳು. ಪಕ್ಕದ ಮನೆಯ ದರ್ಜಿ ಬಂದು, "ಕೊಡ್ರಿ ಇಲ್ಲಿ, ನೋಡೋಣು" ಅಂತ ತನ್ನ ಅಂಗಡಿಯೊಳಗೆ ಬಿದ್ದ ಸೂಜಿ ಹುಡುಕಿಕೊಂಡು ಬಂದ. ನಾನು? ನಾನು ನಾಯಿಯ ಕಣ್ಣಿಗೆ ಬಿಟ್ಟು ನೋಡಿದೆ.

ವಾರ ಕಳೆದು ಅಪ್ಪ ಗುಂಡಿ ಒತ್ತಿದರೆ ಕೆಂಪಗೆ ಬೀಡಿಯ ತುದಿಯಷ್ಟು ಬೆಳಕು. ಶೆಲ್ಲುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸಿದರೂ ಏಳಲಿಲ್ಲ.

"ಯಾರು ಇದನ್ನ ಖಾಲಿ ಮಾಡಿದ್ದು?" ಅಂತ ಗುಡುಗಿದ.

"ಖಾಲಿ ಯಾರು ಮಾಡ್ಯಾರಪಾ?" ಅಂದಳು ಅಜ್ಜಿ. "ಬೆಳಕು ಐತೋ ಇಲ್ಲೋ ಅಂತ ನೋಡಿಕೊಂತ ಬಂದ್ವಿ. ಇವತ್ತಿಗೆ ಇಲ್ಲ ಅಂತ ಗೊತ್ತಾತು."

ತಾಲೀಮು

ಅಪ್ಪ ಮತ್ತೆ ಶೆಲ್ಲು ತಂದ. ಮತ್ತೆ ರೊಟ್ಟಿ ತುಂಬಿತು, ಮಣ್ಣಿನ ಗಡಿಗೆಯಲ್ಲಿ ನೀರು ಕೂತಿತು, ಅಕ್ಕನಿಗೆಂದು ಸ್ಟೋವು, ಒಗೆದ ಬಟ್ಟೆ, ಹೊಸ ಬ್ಲೇಡು, ದಾರವೂ ಸೇರಿದವು. "ಒಂದು ಸಲ ತಾಲೀಮು ಮಾಡೋಣು. ನಾನು ಹೊಳಿ ಬಂತು ಅಂತೀನಿ, ಎಲ್ಲಾರೂ ಹೊರಡಬೇಕು" ಅಂದ.

ಬೆಳಗಿನ ಊಟ ಆಗಿತ್ತು. ಅಪ್ಪ ಅಂಗಳದಲ್ಲಿ ನಿಂತು, "ಹೊಳಿ ಬಂತು!" ಅಂದ.

"ಬಂದೆ, ಮುಸುರಿ ತಿಕ್ಕಿ ಬರ್ತೀನಿ" ಅಂದಳು ಅವ್ವ.

"ಹೊಳಿ ಬಂದೈತಲೇ!"

"ಬಂದ್ರ ಬರ್ಲಿ ಬಿಡ್ರಿ. ಮುಸುರಿ ಬಿಟ್ಟು ಬಾಗಿಲಾ ಹಾಕಬಾರದು. ನಾಕು ಮಂದಿ ನೋಡಿದ್ರ ಏನಂತಾರ?"

"ಆ ನಾಕು ಮಂದಿನೂ ನೀರಾಗ ಇರತಾರ!"

ಅವ್ವ ತಿಕ್ಕಿಯೇ ಬಂದಳು. ಅಜ್ಜಿ ವಿಭೂತಿ ಹಚ್ಚಿಕೊಂಡು ಬಂದಳು. ಅಕ್ಕ ಬಾಗಿಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳಿಗೆ ತಾಲೀಮಿನಿಂದ ರಜೆ. ಟ್ರಂಕು ನನ್ನ ತಲೆಯ ಮೇಲೆ. ಓಣಿಗೆ ಬಂದ ಕೂಡಲೇ ನನ್ನ ಬಾಯಿ ಸುಮ್ಮನಿರಲಿಲ್ಲ, "ಹೊಳಿ ಬಂತ್ರೋ!" ಅಂತ ಒಂದು ಸಲ ಕೂಗಿದೆ. ಒಂದೇ ಸಲ.

ಹಿಂದೆ ತಿರುಗಿ ನೋಡಿದರೆ ಇಡೀ ಓಣಿ ನಮ್ಮ ಬೆನ್ನಿಗೆ. ದರ್ಜಿ ಹೊಲಿಗೆ ಮಷೀನನ್ನು ತಬ್ಬಿಕೊಂಡು, "ಅಯ್ಯೋ ದೇವುಡಾ!" ಅನ್ನುತ್ತ ಓಡುತ್ತಿದ್ದ. ಯಾರೋ ಎಮ್ಮೆ ಬಿಚ್ಚಿದ್ದರು, ಯಾರೋ ಒಲೆಯ ಮೇಲಿನ ಸಾರಿನ ಪಾತ್ರೆಯನ್ನೇ ಎತ್ತಿಕೊಂಡಿದ್ದರು. ಶಾಲೆಯ ದಿನ್ನೆ ಹತ್ತಿ ಏದುಸಿರು ಬಿಡುತ್ತ ಎಲ್ಲರೂ ಹೊಳೆಯ ಕಡೆ ತಿರುಗಿದೆವು. ಹೊಳೆ ದೂರದಲ್ಲಿ ತನ್ನ ಪಾಡಿಗೆ ತಾನಿತ್ತು. ಉಸುಕಿನ ಮೇಲೆ ಒಬ್ಬ ಅಗಸ ಹಾಡು ಹೇಳುತ್ತ ಬಟ್ಟೆ ಒಣಹಾಕುತ್ತಿದ್ದ.

"ಎಲ್ಲೈತ್ರಿ ಹೊಳಿ?" ಅಂದ ದರ್ಜಿ.

ಅಪ್ಪ ಸೋಲುವವನಲ್ಲ. "ಬರತೈತಿ. ನಾವು ಸ್ವಲ್ಪ ಮುಂಚೆ ಬಂದೀವಿ."

ಓಣಿ ಒಂದು ವಾರ ನಕ್ಕಿತು. ಆದರೆ ನಕ್ಕವರ ಮನೆಗಳಲ್ಲೂ ಆ ವಾರ ರೊಟ್ಟಿ ಬಡಿಯುವ ಸದ್ದು ಜಾಸ್ತಿ ಇತ್ತು. ನಾನು ಕಿವಿಯಾರೆ ಕೇಳಿದ್ದೇನೆ.

ಹೊಳೆ

ಕೊನೆಗೆ ಡಂಗುರ ನಿಜವಾಗಿ ಬಂತು. ಮಧ್ಯಾಹ್ನವೇ ಮೋಡ ಕವಿದು ಕತ್ತಲಾಗಿತ್ತು. ಡಂಗುರದವನು ಓಣಿಯ ಆ ತುದಿಯಲ್ಲಿದ್ದಾಗಲೇ ಅಕ್ಕ ಒಳಗಿನಿಂದ "ಅವ್ವಾ" ಅಂದಳು. ಅಪ್ಪ ಹೆದರಿದ್ದ ದಿನ ಇದೇ. ಅವ್ವ ಮುಸುರೆ ಹಾಗೆಯೇ ಬಿಟ್ಟು ಎದ್ದಳು. ಅದನ್ನು ನೋಡಿ ನನಗೆ ನಿಜವಾಗಿ ಭಯವಾಯಿತು.

ಗಾಡಿ ಕಟ್ಟಿದೆವು. ಅಪ್ಪ ತಾನೇ ಟ್ರಂಕು ಎತ್ತಿ ಗಾಡಿಗೆ ಹಾಕಿದ, ಹಗ್ಗ ಬಿಗಿದ, ಅಜ್ಜಿಯನ್ನು ಹತ್ತಿಸಿದ. "ಎಲ್ಲಾ ಬಂತಲ್ಲ? ಊಟ, ನೀರು, ಬೆಳಕು, ಔಷಧಿ, ಅರಿವಿ. ಹೊಡಿ ಗಾಡಿ!" ಅಂದ.

ಹಿಂದಿನಿಂದ ಗೋಡೆ ಹಿಡಿದು ನಿಂತ ಅಕ್ಕ ಕೇಳಿದಳು, "ಅಪ್ಪಾ, ಮತ್ತ ನಾನು?"

ಟ್ರಂಕು ಇಳಿಯಿತು, ಅಕ್ಕ ಹತ್ತಿದಳು. ಟ್ರಂಕು ಮತ್ತೆ ನನ್ನ ತಲೆಗೇ ಬಂತು.

ಸಾಲೆಯಲ್ಲಿ ಸೋರದೆ ಇದ್ದದ್ದು ಏಳನೇ ಕ್ಲಾಸಿನ ಕೋಣೆ. ಗಂಡಸರನ್ನೆಲ್ಲ ಹೊರಗೆ ಹಾಕಿದರು. ಓಣಿಯ ಸೂಲಗಿತ್ತಿ ಬರಿಗೈಯಲ್ಲಿ ಓಡಿ ಬಂದಿದ್ದಳು.

"ಬಿಸಿನೀರು!" ಅಂದಳು. ಟ್ರಂಕಿನಿಂದ ಸ್ಟೋವು ಬಂತು, ದರ್ಜಿ ಬಾಗಿಲಾಚೆ ಕೂತು ಪಂಪು ಹೊಡೆದ. "ಒಗದ ಅರಿವಿ!" ಬಂತು. "ಹೊಸಾ ಬ್ಲೇಡು, ದಾರ!" ಅವೂ ಬಂದವು, ಕುದಿಯುವ ನೀರಿಗೆ ಬಿದ್ದವು. "ಇದು ಟ್ರಂಕಲ್ಲವ್ವಾ, ದವಾಖಾನಿ!" ಅಂದಳು ಸೂಲಗಿತ್ತಿ. ಹೊರಗೆ ಅಪ್ಪ ಓಣಿಯವರ ಮುಖಗಳನ್ನು ಒಂದೊಂದಾಗಿ ನೋಡಿದ. ಯಾರೂ ನಗಲಿಲ್ಲ.

"ಬೆಳಕು!" ಅಂದಳು. ಟಾರ್ಚು ನನ್ನ ಕೈಗೆ ಬಂತು. ಕಿಟಕಿಯ ಹೊರಗೆ ನಿಂತು ಕೈ ಮಾತ್ರ ಒಳಗೆ, ಮುಖ ಆಚೆ. ಹೀಗೆ ಹಿಡಿದರೆ ಬೆಳಕು ಎಲ್ಲಿಗೆ ಹೋಗುತ್ತದೆ ಅಂತ ಯಾರಿಗೆ ಗೊತ್ತು?

"ಲೇ, ಬೋರ್ಡಿಗ್ಯಾಕ ಬಿಡತೀಯೋ? ಅಲ್ಲೇನು ಕೂಸು ಹುಟ್ಟತೈತೇನು? ಕೆಳಗ ಹಿಡಿ! ಕೈ ಯಾಕ ನಡಗತೈತಿ?"

ಕೆಳಗೆ ಹಿಡಿದೆ. ಮಳೆ ಸುರಿಯುತ್ತಲೇ ಇತ್ತು. ಅಪ್ಪ ಕಂಬಕ್ಕೆ ಹಣೆ ಹಚ್ಚಿ ನಿಂತಿದ್ದ. ಆಮೇಲೆ ಕೂಸು ಅತ್ತಿತು, ಹೊಳೆಯ ಸದ್ದನ್ನೂ ಮೀರಿ ಅತ್ತಿತು.

"ಗಂಡು! ತಾಯಿ ಆರಾಮ ಅದಾಳ!" ಅಂದಳು ಸೂಲಗಿತ್ತಿ.

ಅಪ್ಪ ಕಂಬ ಬಿಟ್ಟು ನನ್ನನ್ನೇ ತಬ್ಬಿಕೊಂಡ. ಹಿಂದೆಂದೂ ಹಾಗೆ ಮಾಡಿದವನಲ್ಲ. ತಬ್ಬಿಕೊಂಡೇ ಇಡೀ ಓಣಿಗೆ ಕೇಳುವಂತೆ ಅಂದ, "ನೋಡ್ರಪಾ! ಇವ ಎರಡು ವರ್ಷ ಕುಂತರೂ ದಾಟದ ಏಳನೇ ಕ್ಲಾಸು, ನನ್ನ ಮೊಮ್ಮಗ ಒಂದ ತಾಸಿನಾಗ ಮುಗಿಸಿ ಹೊರಗ ಬಂದ!"

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅಕ್ಕ ಇದನ್ನು ಓದಿಸಿಕೊಂಡು ಕೇಳಿ, ಸುಳ್ಳು ಬರೆದರೆ ಕೂಸಿನ ಮುಖ ತೋರಿಸೋದಿಲ್ಲ ಅಂದಿದ್ದಾಳೆ. ಹಾಗಾಗಿ ಹೇಳುತ್ತೇನೆ: ಹೊಳೆ ನಿಜ, ಕೂಸು ನಿಜ, ಅಪ್ಪ ತಬ್ಬಿಕೊಂಡದ್ದೂ ನಿಜ. ಏಳನೇ ಕ್ಲಾಸೂ ಅಪ್ಪನ ಮಾತೂ ನಾನು ಕಟ್ಟಿದ್ದು. ಕೂಸು ಹುಟ್ಟಿದ್ದು ಹೆಡ್‌ಮಾಸ್ತರ ಕೋಣೆಯಲ್ಲಿ. ಹಾಗೆ ಬರೆದರೆ, "ನಿಮ್ಮ ಮನೆಯಲ್ಲಿ ಒಬ್ಬನನ್ನಾದರೂ ನಾನೇ ಪಾಸು ಮಾಡಿಸಿದೆ" ಅಂತ ಆ ಮಾಸ್ತರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಅಲ್ಲಿ ಬೋರ್ಡೂ ಇರಲಿಲ್ಲ. ಸೂಲಗಿತ್ತಿ ಕೂಗಿ ಹೇಳಿದಂತೆ, ನನ್ನ ಟಾರ್ಚಿನ ಬೆಳಕು ಮೊದಲು ಬಿದ್ದದ್ದು ಮೂಲೆಯಲ್ಲಿದ್ದ ಅವರ ಬೆತ್ತದ ಮೇಲೆ. ಕೈ ನಡುಗಿದ್ದು ಅದಕ್ಕೆ.