ಇಲ್ಲ ಅನ್ನದ ಚಿಕ್ಕಪ್ಪ

ನನ್ನ ಚಿಕ್ಕಪ್ಪನ ಬಾಯಿಂದ ‘ಇಲ್ಲ’ ಅನ್ನಿಸುವುದಕ್ಕಿಂತ ಕಾಕನಕೋಟೆಯ ಆನೆಯನ್ನು ಬಿಳಿಕೆರೆಯಲ್ಲಿ ಬಸ್ಸು ಹತ್ತಿಸುವುದು ಸುಲಭ.

ಅವರು ಕೆಲಸ ಮಾಡುತ್ತಿದ್ದದ್ದು ಸಾರ ತೆಗೆದು ಉಳಿದ ಯುರೇನಿಯಂ ಇಡುವ ಗೋದಾಮಿನಲ್ಲಿ. “ಕಬ್ಬಿನ ಸಿಪ್ಪೆ ಇದ್ದಂಗೆ ಕಣ್ಲಾ. ರಸ ತಗಂಡ್ರು, ಸಿಪ್ಪೆ ಕಾಯಾಕೆ ನನ್ನ ಮಡಗಿದ್ರು” ಅನ್ನುತ್ತಿದ್ದರು. ಡ್ರಮ್ಮಿನ ಮೈಯನ್ನು ಬಿಳಿ ಕಾಗದದ ಬಿಲ್ಲೆಯಿಂದ ಒರೆಸುವುದು, ಅದನ್ನು ಯಂತ್ರದಡಿ ಇಟ್ಟು ವಿಕಿರಣದ ಧೂಳು ಅಂಟಿದೆಯೇ ಎಂದು ನೋಡುವುದು. ಅಂಟಿರದಿದ್ದರೂ ‘ಇಲ್ಲ’ ಎಂದು ಬರೆಯುವಂತಿಲ್ಲ. ‘ಯಂತ್ರಕ್ಕೆ ಕಾಣಲಿಲ್ಲ’ ಎಂದೇ ಬರೆಯಬೇಕು. ಯಂತ್ರಕ್ಕೂ ಒಂದು ಮಿತಿಯಿದೆಯಲ್ಲ! ನಿವೃತ್ತರಾಗಿ ಹುಣಸೂರಿಗೆ ಬಂದರು. ಆ ಅಭ್ಯಾಸಕ್ಕೆ ನಿವೃತ್ತಿ ಎಲ್ಲಿಯದು?

“ಸಕ್ಕರೆ ಐತಾ ನೋಡ್ರಿ” ಅಂತ ಚಿಕ್ಕಮ್ಮ.

“ಕಾಣ್ತಿಲ್ಲ.”

“ಅಂದ್ರೆ ಇಲ್ಲ ಅನ್ನಿ.”

“ಅಂಗನ್ನಕ್ಕಾಗಲ್ಲ ಕಣೆ. ಡಬ್ಬಿ ಮೂಲೇಲಿ ಒಂದು ಕಾಳಾದ್ರೂ ಇರ್ಬೈದು.”

“ಆ ಒಂದು ಕಾಳಲ್ಲೇ ನಿಮಗೆ ಕಾಫಿ ಕೊಡ್ತೀನಿ, ಕುಡೀರಿ.”

ನಾವು ನಕ್ಕೆವು. ಚಿಕ್ಕಪ್ಪನ ಮಗಳನ್ನು ನೋಡಲು ಪಿರಿಯಾಪಟ್ಟಣದಿಂದ ಗಂಡಿನವರು ಬರುವವರೆಗೂ ನಗುತ್ತಲೇ ಇದ್ದೆವು. ಹುಡುಗ ಅವಳಿಗೆ ಮೊದಲೇ ಮೆಚ್ಚಿಗೆಯಾಗಿದ್ದ. ಒಂದು ಮಾತು ಬಾಕಿಯಿತ್ತು.

“ಹುಡುಗಿಗೆ ಆ ಕಿರಣಗಿರಣ ಏನೂ ತಾಕಿಲ್ಲ ತಾನೆ?” ಎಂದರು ಹುಡುಗನ ತಾಯಿ. “ಇಲ್ಲ ಅಂದ್ಬುಡಿ, ಸಾಕು.”

“ಕಿರಣ ನಿಮಗೂ ತಾಕ್ತಾ ಐತೆ ತಾಯಿ. ನೀವು ಕೂತಿರೋ ಜಗಲಿ ಕಲ್ಲಿಂದ್ಲೂ ಬತ್ತದೆ.”

ಆಯಮ್ಮ ಎದ್ದು ನಿಂತರು.

“ಅಂಗಾರೆ ಹುಡುಗಿಗೆ?”

“ಗೋದಾಮಿಂದ ಮನೆಗೆ ಅಂಟ್ಕಂಡು ಬಂದದ್ದು ಇದುವರ್ಗೂ ಏನೂ ಕಂಡಿಲ್ಲ. ಇಲ್ವೇ ಇಲ್ಲ ಅಂತ ಹೆಂಗೆ ಹೇಳ್ಲಿ?”

ಹೊಗೆಸೊಪ್ಪು ಬೇಯಿಸಿ ಊರೂರಿಗೆ ಕೆಮ್ಮು ಹಂಚುವ ಮನೆಯವರು, ನಮ್ಮ ಮನೆಯ ಉಪ್ಪಿಟ್ಟು ಮುಟ್ಟದೆ ಹೊರಟುಹೋದರು. ಹುಡುಗ ತಿರುಗಿ ನೋಡಿದ ಎಂದು ಬರೆದರೆ ಕಥೆ ಚೆಂದವಾಗುತ್ತದೆ. ನೋಡಿದನೋ, ಚಪ್ಪಲಿ ಹುಡುಕಿದನೋ; ನನ್ನ ನೆನಪನ್ನು ನಾನೇ ನಂಬುವುದಿಲ್ಲ.

“ಒಂದು ಮಾತಿಗೆ ಮಗಳ ಬಾಳು ತೂಗಿಬುಟ್ರಲ್ಲ” ಎಂದರು ಚಿಕ್ಕಮ್ಮ. ಅಳತೆ ಗೊತ್ತಿದ್ದ ಚಿಕ್ಕಪ್ಪನಿಗೆ ಆ ಗಳಿಗೆಯಲ್ಲಿ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಮಗಳು ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು. ಅಪ್ಪನಿಗೆ ಒತ್ತಿಕೊಂಡು ಕೂತು, ಗಂಡಿನವರು ಬಿಟ್ಟುಹೋದ ಉಪ್ಪಿಟ್ಟಿನ ತಟ್ಟೆಯೊಂದನ್ನು ತೊಡೆಯ ಮೇಲಿಟ್ಟುಕೊಂಡಳು.

“ಬಾಯಿ ತಗಿಯಪ್ಪ. ಆರೋಯ್ತದೆ.”

ಮೊದಲ ತುತ್ತು ಅಪ್ಪನಿಗೆ ಕೊಟ್ಟಳು. ಅದೇ ಕೈಯಲ್ಲಿ ಎರಡನೆಯದನ್ನು ತಾನು ತಿಂದಳು.