ಚೀಟಿ ಯಾರ ಹೆಸರಿಗೆ?

ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಎದುರಿಗೆ ಔಷಧಿ ಅಂಗಡಿ ಇಟ್ಟ ಮೇಲೆ ನಾನು ನಾಟಕಕ್ಕೆ ಹೋಗೋದೇ ಬಿಟ್ಟೆ. ಗಲ್ಲಾದ ಹಿಂದೆ ಕೂತ್ರೆ ಸಾಕು, ಅದೇ ನಮ್ಮ ಮುಂದೆ ಬಂದು ನಡೆಯುತ್ತೆ. ಅದರಲ್ಲೂ ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ ವಿಷಯ ಅಂತೂ ಕೇಳಲೇಬೇಡಿ. ಅವನ್ನ ಡಾಕ್ಟರ ಚೀಟಿ ಇಲ್ಲದೆ ಕೊಡೋ ಹಾಗಿಲ್ಲ. ಎಷ್ಟು ತಿಂಗಳಿಗೆ ಅಂತ ಚೀಟೀಲಿ ಬರೆದಿರುತ್ತೋ ಅಷ್ಟೇ. ಕೊಟ್ಟಾಗೆಲ್ಲ ಅದರ ಮೇಲೆ ನನ್ನ ಅಂಗಡಿ ಮೊಹರು ಬೀಳಬೇಕು. ಅವಧಿ ಮುಗೀತೋ, ಹೊಸ ಚೀಟಿ ತರಬೇಕು. ಇಷ್ಟು ಸರಳವಾದ ಮಾತನ್ನ ಅರವತ್ತರ ದಶಕದಲ್ಲಿ ಹೇಳೋಕೆ ಶುರು ಮಾಡಿದೋನು ಎಪ್ಪತ್ತರ ದಶಕ ಮುಗಿದ್ರೂ ಹೇಳ್ತಾನೇ ಇದ್ದೆ. ಒಬ್ಬರಿಗಾದ್ರೂ ಹಿಡಿಸಿದ್ರೆ ಕೇಳಿ.

ಹಳೇ ಕಾಯಿಲೆ

ಮಗ್ಗದ ಬೀದಿಯ ಒಬ್ಬ ತಾಯಿ ತಿಂಗಳಿಗೊಂದು ಸಲ ಫಿಟ್ಸ್ ಮಾತ್ರೆಗೆ ಬರೋರು. ಚೀಟಿ ಅವರ ಹೆಸರಲ್ಲೇ ಇತ್ತು, ನುಂಗೋಳು ಮಾತ್ರ ಮಗಳು. ಮದುವೆಗೆ ಬಂದ ಹುಡುಗಿಗೆ ಮೂರ್ಛೆ ಅಂತ ಊರಿಗೆ ಗೊತ್ತಾದ್ರೆ ಮುಗೀತಲ್ಲ ಕತೆ! ಸರ್ಕಾರಿ ಆಸ್ಪತ್ರೆಯ ಹಳೇ ಡಾಕ್ಟರು ಕನಿಕರಪಟ್ಟು ತಾಯಿ ಹೆಸರಿಗೇ ಬರೆದುಕೊಡ್ತಿದ್ರು. ಮಾತ್ರೆ ತಪ್ಪದೆ ತಗೊಳ್ಳೋಕೆ ಶುರು ಮಾಡಿದ ಮೇಲೆ ಹುಡುಗಿ ಒಂದು ಸಲಾನೂ ಬಿದ್ದಿರಲಿಲ್ಲ. ಅವರ ಮನೆ ಬಿಟ್ರೆ ಈ ಗುಟ್ಟು ಗೊತ್ತಿದ್ದಿದ್ದು ಡಾಕ್ಟರಿಗೆ, ನನಗೆ.

ಒಂದು ಸಲ ಚೀಟಿಯ ಅವಧಿ ಮುಗಿದಿತ್ತು. ಇದು ಹಳೇದಾಯ್ತು ಕಣಮ್ಮ, ಹೊಸದು ಬರೆಸಿಕೊಂಡು ಬನ್ನಿ ಅಂದೆ. ಆಯಮ್ಮ ಚೀಟೀನ ಹಿಂದೆ ಮುಂದೆ ತಿರುಗಿಸಿ ನೋಡಿದ್ರು.

"ಚೀಟಿ ಹಳೇದಾದ್ರೆ ಏನಾಯ್ತಣ್ಣ? ಕಾಯಿಲೆ ಅದಕ್ಕಿಂತ ಹಳೇದು."

ಆ ಮಾತನ್ನ ಕಾನೂನು ಬರೆದೋರಿಗೇ ಕೇಳಿಸಬೇಕಿತ್ತು ಬಿಡಿ.

ಖಾತೆ ಬದಲಾವಣೆ

ಇನ್ನೊಂದು ದಿನ ಹಳ್ಳಿಯಿಂದ ಒಬ್ಬ ಗೌಡರು ಬಂದ್ರು. ಬೋಳಿಸಿದ ತಲೇಲಿ ಇನ್ನೂ ಕೂದಲು ಬಂದಿರಲಿಲ್ಲ. ನಿದ್ದೆ ಮಾತ್ರೆ ಚೀಟಿ ಕೊಟ್ರು. ಅಪ್ಪ ತೀರಿಕೊಂಡ್ರು, ಚೀಟೀಲಿ ಇನ್ನೂ ಅವಧಿ ಉಳಿದಿದೆ, ಸುಮ್ಮನೆ ಯಾಕೆ ಹಾಳಾಗಬೇಕು, ನನಗೂ ನಿದ್ದೆ ಇಲ್ಲ, ಕೊಡಿ ಅಂದ್ರು. ಇದು ಸತ್ತವರ ಹೆಸರಲ್ಲಿರೋದು, ನಿಮಗೆ ಬರಲ್ಲ ಅಂದೆ.

ಗೌಡರಿಗೆ ಸಿಟ್ಟು ಬಂತು. ಜಮೀನೂ ಅಪ್ಪನ ಹೆಸರಲ್ಲೇ ಇತ್ತು, ತಾಲ್ಲೂಕು ಆಫೀಸಿನೋರು ಖಾತೆ ಮಾಡಿಕೊಡ್ತಿದ್ದಾರೆ, ನಿಮಗೆ ಒಂದು ಚೀಟಿ ಮಾಡಿಕೊಡೋಕೆ ಏನು ರೋಗ ಅಂತ ಕೇಳಿದ್ರು. ನಾನೂ ಬಿಡಲಿಲ್ಲ. ಹಾಗಾದ್ರೆ ಅಣ್ಣತಮ್ಮಂದಿರನ್ನೂ ಕರ್ಕೊಂಡು ಬನ್ನಿ, ಎಲ್ಲರೂ ಒಪ್ಪಿದ್ರೆ ನೋಡೋಣ ಅಂದೆ.

ಗೌಡರು ಚೀಟೀನ ಲಬಕ್ಕನೆ ಕಿತ್ಕೊಂಡ್ರು.

"ಅವರಿಗೆ ಹೇಳಬೇಡಿ ಸ್ವಾಮಿ. ನನ್ನ ನಿದ್ದೆ ಕೆಟ್ಟಿರೋದೇ ಅವರಿಂದ."

ಜಗಲಿ ಮೇಲೆ

ಆಮೇಲೆ ಹಳೇ ಡಾಕ್ಟರಿಗೆ ವರ್ಗ ಆಯ್ತು. ಹೊಸದಾಗಿ ಬಂದೋರು ಚಿಕ್ಕ ವಯಸ್ಸಿನೋರು, ಭಾರಿ ಶಿಸ್ತು. ರೋಗೀನ ಕಣ್ಣಾರೆ ನೋಡದೆ ಫಿಟ್ಸ್ ಮಾತ್ರೆ ಬರೆಯಲ್ಲ ಅಂತ ಕೂತ್ರು. ಮಗ್ಗದ ಬೀದಿಯ ತಾಯಿಯ ಚೀಟಿ ಮುಗಿದಿದ್ದೂ ಆಗಲೇ. ಮಗಳಿಗೆ ನೆಲಮಂಗಲದ ಹತ್ರ ಅರಿಶಿನಕುಂಟೆ ಕಡೆ ಗಂಡು ಒಪ್ಪಿಗೆಯಾಗಿದ್ದೂ ಆಗಲೇ. ಡಾಕ್ಟರು ಆಯಮ್ಮನ್ನ ಮೇಲಿಂದ ಕೆಳಗೆ ನೋಡಿ, ಇಷ್ಟು ಗಟ್ಟಿಮುಟ್ಟಾಗಿದ್ದೀರ, ನಿಮಗೆ ಈ ಮಾತ್ರೆ ಯಾಕೆ ಅಂತ ವಾಪಸ್ ಕಳಿಸಿದ್ರು.

ಮನೇಲಿ ಉಳಿದಿದ್ದು ನಾಲ್ಕೈದು ಮಾತ್ರೆ. ನಿಂತುಹೋದ್ರೆ ಹುಡುಗಿ ಮತ್ತೆ ಬೀಳ್ತಾಳೆ, ಅದೂ ಚಪ್ಪರದ ಕೆಳಗೇ ಬಿದ್ರೆ? ಡಾಕ್ಟರಿಗೆ ನಿಜ ಹೇಳಿಬಿಡಿ, ಅವರು ಯಾರಿಗೂ ಹೇಳಲ್ಲ ಅಂದೆ. ಡಾಕ್ಟರು ಹೇಳಲ್ಲಣ್ಣ, ಬಾಗಿಲಲ್ಲಿ ನಿಂತಿರೋ ಜವಾನ ಹೇಳ್ತಾನೆ ಅಂದ್ರು. ಅದೂ ಸರಿಯೇ.

ಮಾರನೇ ದಿನ ಬೆಳಿಗ್ಗೆ ಆಯಮ್ಮ ಆಸ್ಪತ್ರೆ ಜಗಲಿ ಮೇಲೆ, ಸಾಲಲ್ಲಿ ನಿಂತಿದ್ದ ಜನದ ಮಧ್ಯೆ ದೊಪ್ಪನೆ ಬಿದ್ರು. ಕೈಕಾಲು ಸೆಟೆದುಕೊಂಡಿತು, ಬಾಯಲ್ಲಿ ನೊರೆ ಬಂತು. ಒಬ್ಬರು ಓಡಿಬಂದು ಕೈಗೆ ಬೀಗದ ಕೈ ಗೊಂಚಲು ತುರುಕಿದ್ರು, ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದ್ರು, ಯಾವನೋ ಒಬ್ಬ ಚಪ್ಪಲೀನೇ ಮೂಸಿಸಿದ. ಡಾಕ್ಟರು ಬೆವತುಹೋಗಿ, ಕೂಡಲೇ ಚೀಟಿ ಬರೆದುಕೊಟ್ರು.

ಸೀರೆ ಎಲ್ಲಾ ಧೂಳು, ಮೊಣಕೈ ತರಚಿತ್ತು. ಹಾಗೇ ಅಂಗಡಿಗೆ ಬಂದು ಚೀಟಿ ನೀಡಿದ್ರು. ಇದನ್ನೆಲ್ಲಿ ಕಲಿತ್ರಮ್ಮ ಅಂದೆ.

"ಮಗಳನ್ನ ನೋಡಿ ನೋಡಿ ಬಂತಣ್ಣ."

ಮೊಹರು ಸೊಟ್ಟಗೆ ಬಿತ್ತು. ಆಯಮ್ಮ ಮಾತ್ರೆ ಸೆರಗಿಗೆ ಕಟ್ಟಿಕೊಂಡು, ಹೋಗ್ತಾ ಹೋಗ್ತಾ ಮೆಲ್ಲಗೆ ಅಂದ್ರು, ಆ ಚಪ್ಪಲಿ ಹಿಡಿದೋನು ಯಾರು ಅಂತ ಗೊತ್ತಾದ್ರೆ ಹೇಳಿ, ಮದುವೆ ಮುಗೀಲಿ, ವಿಚಾರಿಸ್ಕೊಳ್ತೀನಿ.

ಬಸ್ಸು ಬರೋವರೆಗೆ

ಮದುವೆ ಆಗಲೇ ಇಲ್ಲ. ಆ ಸಾಲಲ್ಲಿ ಅರ್ಧ ಊರೇ ಇತ್ತಲ್ಲ. ಸುದ್ದಿ ಬಸ್ಸಿಗಿಂತ ಮೊದಲು ಅರಿಶಿನಕುಂಟೆ ಸೇರಿತು. ತಾಯಿಗಿದ್ರೆ ಮಗಳಿಗೂ ಬರುತ್ತೆ ಅಂತ ಗಂಡಿನ ಅಪ್ಪ ತಾನೇ ಬಂದು ಸಂಬಂಧ ಬೇಡ ಅಂತ ಹೇಳಿ, ವಾಪಸ್ ಹೋಗೋ ಬಸ್ಸಿಗೆ ಕಾಯ್ತಾ ನನ್ನ ಅಂಗಡಿ ನೆರಳಿಗೆ ಬಂದ್ರು. ನಾನು ಕೇಳದಿದ್ರೂ ಅವರೇ ಹೇಳಿಕೊಂಡ್ರು. ಹುಡುಗಿ ಚಿನ್ನದಂಥೋಳಂತೆ, ಆದ್ರೆ ತಾಯಿಗೆ ಫಿಟ್ಸಂತೆ, ದೇವರು ದೊಡ್ಡೋನು ಮೊದಲೇ ಗೊತ್ತಾಯ್ತಂತೆ.

ನಾನು ಏನಂತ ಹೇಳಲಿ? ತಾಯಿಗಿಲ್ಲ ಅನ್ನಬೇಕಾದ್ರೆ ಯಾರಿಗಿದೆ ಅಂತಾನೂ ಹೇಳಬೇಕಲ್ಲ.

ಯಜಮಾನರು ಆ ಕಡೆ ಈ ಕಡೆ ನೋಡಿ, ಒಳಜೇಬಿನಿಂದ ಮಡಿಸಿದ ಚೀಟಿ ತೆಗೆದು ಗಲ್ಲಾದ ಮೇಲಿಟ್ರು. ನಮ್ಮ ಕಡೆ ತಗೊಂಡ್ರೆ ಗುರುತಿನೋರು ನೋಡ್ತಾರೆ, ಇಲ್ಲೇ ಕೊಟ್ಟುಬಿಡಿ ಅಂದ್ರು. ಬಿಡಿಸಿ ನೋಡಿದೆ. ಅದೇ ಮಾತ್ರೆ. ಹೆಂಗಸಿನ ಹೆಸರು. ಅವಧಿ ಮುಗಿದಿತ್ತು.

ಇದು ಯಾರಿಗೆ ಅಂದೆ. ನಮ್ಮ ಮನೆಯೋಳಿಗೆ ಅಂದ್ರು. ಹೊಸ ಚೀಟಿ ಇಲ್ಲದೆ ಆಗಲ್ಲ ಅಂದೆ. ಆಗ ಗಲ್ಲಾದ ಮೇಲೆ ಬಗ್ಗಿ, ದನಿ ತಗ್ಗಿಸಿದ್ರು.

"ಹೆಸರಿಗೆ ಅವಳು ಸ್ವಾಮಿ. ನುಂಗೋನು ನಮ್ಮ ಹುಡುಗ. ಹೆಣ್ಣು ಕೊಡೋರಿಗೆ ಗೊತ್ತಾಗಬಾರದಲ್ಲ, ಅದಕ್ಕೆ."

ಬಸ್ಸು ಬಂತು. ಚೀಟೀನ ಮೊದಲಿದ್ದ ಹಾಗೇ ಮಡಿಸಿ ಅವರ ಕೈಗಿಟ್ಟೆ.

"ಇಲ್ಲಿಯ ಹೊಸ ಡಾಕ್ಟರು ಕಣ್ಣಾರೆ ನೋಡದೆ ಬರೆಯಲ್ಲ ಯಜಮಾನ್ರೇ. ನಿಮ್ಮ ಮನೆಯೋರಿಗೆ ಬೀಳೋಕೆ ಬರುತ್ತಾ?"